ಮುಚ್ಚಿದ ವರ್ಕ್‌ಶಾಪಿನ ಹನ್ನೆರಡು ತಿಂಗಳು: ಒಂದು ಪಿಎಫ್ ಬಾಕಿಯ ಪ್ರಕರಣ ಅಧ್ಯಯನ

2022ರ ಅಕ್ಟೋಬರ್ ಮೊದಲ ವಾರ. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರೊಬ್ಬರು ಸಂಬಳದ ದಿನ ಎಟಿಎಂಗೆ ಹೋದರೆ ಹಣ ಬರಲಿಲ್ಲ. ಬ್ಯಾಂಕಿನಲ್ಲಿ ಕೇಳಿದಾಗ ಮ್ಯಾನೇಜರ್ ಒಂದು ಪತ್ರ ತೋರಿಸಿದರು. ಭವಿಷ್ಯ ನಿಧಿ (ಪಿಎಫ್) ಕಾಯ್ದೆಯ 8ಎಫ್ ಕಲಮಿನಡಿ ಖಾತೆಯನ್ನು ತಡೆಹಿಡಿಯಲಾಗಿತ್ತು. ಬಾಕಿ 15,75,788 ರೂಪಾಯಿ. ಖಾತೆಯಲ್ಲಿದ್ದದ್ದು ಮೂವತ್ತೆಂಟು ಸಾವಿರ.

ಮೂರು ದಿನದ ನಂತರ ಅವರು ನನ್ನ ಮುಂದೆ ಕೂತಿದ್ದರು. ನಾನು ಸಣ್ಣ ಕೈಗಾರಿಕೆಗಳ ಪಿಎಫ್, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಲೆಕ್ಕ ನೋಡುವವನು. ಬಾಕಿ ಬಿದ್ದ ಮಾಲೀಕರು ಬರುವುದು ಹೊಸತಲ್ಲ. ಆದರೆ ಇವರು ಈಗ ಮಾಲೀಕರಲ್ಲ. ವರ್ಕ್‌ಶಾಪು ಮುಚ್ಚಿ ಮೂರೂವರೆ ವರ್ಷವಾಗಿತ್ತು, ಅವರೇ ಇನ್ನೊಬ್ಬರ ಕೈಕೆಳಗೆ ದುಡಿಯುತ್ತಿದ್ದರು, ಅವರ ಸಂಬಳದಿಂದಲೂ ತಿಂಗಳು ತಿಂಗಳು ಪಿಎಫ್ ಕಟಾವಾಗುತ್ತಿತ್ತು. ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಗುರುತು ಬಿಟ್ಟು, ಇಡೀ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಸುಲಭವಾಗಲೆಂದು ಅವರನ್ನು ‘ಮಾಲೀಕರು’ ಎಂದೇ ಕರೆಯುತ್ತೇನೆ.

ಬಾಕಿ ಬಿದ್ದದ್ದು ಹೇಗೆ

ಪೀಣ್ಯದಲ್ಲಿ ಬಾಡಿಗೆ ಶೆಡ್ಡು, ನಾಲ್ಕು ಲೇತು, ಎರಡು ಸಿಎನ್‌ಸಿ ಯಂತ್ರ. 2009ರಲ್ಲಿ ಶುರುವಾದ ಕೆಲಸ. ವಾಹನದ ಬಿಡಿಭಾಗ ತಯಾರಿಸುವ ಕಂಪನಿಯೊಂದಕ್ಕೆ ಶಾಫ್ಟು, ಬುಷ್ಷು ಮಾಡಿಕೊಡುತ್ತಿದ್ದರು. 2014ರಲ್ಲಿ ಕೆಲಸಗಾರರ ಸಂಖ್ಯೆ ಇಪ್ಪತ್ತು ಮುಟ್ಟಿತು, ಪಿಎಫ್ ನೋಂದಣಿಯಾಯಿತು. 2018ರ ಮಾರ್ಚ್‌ವರೆಗೆ ಒಂದು ತಿಂಗಳೂ ತಪ್ಪಿಲ್ಲ. ಇದು ಅವರ ಬಾಯಿಮಾತಲ್ಲ, ಚಲನ್‌ಗಳನ್ನು ನಾನೇ ಒಂದೊಂದಾಗಿ ನೋಡಿದ್ದೇನೆ.

ಆಮೇಲೆ ಆ ದೊಡ್ಡ ಗಿರಾಕಿ ನಲವತ್ತೈದು ದಿನಕ್ಕೆ ಕೊಡುತ್ತಿದ್ದ ಹಣವನ್ನು ನೂರಿಪ್ಪತ್ತು ದಿನಕ್ಕೆ ಕೊಡಲು ಶುರುಮಾಡಿತು. ರಾತ್ರಿ ಪಾಳಿ ನಿಂತಿತು. ಇಪ್ಪತ್ತೊಂದು ಜನರಲ್ಲಿ ಏಳು ಜನ 2018ರ ಮಾರ್ಚ್ ಕೊನೆಗೆ ಬಿಟ್ಟುಹೋದರು. ಉಳಿದ ಹದಿನಾಲ್ಕು ಜನರ ಸಂಬಳ ತಿಂಗಳಿಗೆ 1,68,000 ರೂಪಾಯಿ. ಕೈಯಲ್ಲಿದ್ದ ಹಣದಲ್ಲಿ ಸಂಬಳ ಕೊಡಬೇಕು, ಕರೆಂಟು ಬಿಲ್ಲು ಕಟ್ಟಬೇಕು, ಯಂತ್ರದ ಸಾಲದ ಕಂತು ತುಂಬಬೇಕು. ಸಂಬಳ ನಿಂತರೆ ಮಾರನೆಯ ದಿನವೇ ಜನ ಬರುವುದಿಲ್ಲ. ಕರೆಂಟು ನಿಂತರೆ ಯಂತ್ರ ತಿರುಗುವುದಿಲ್ಲ. ಪಿಎಫ್ ನಿಂತರೆ ಆ ತಿಂಗಳು ಯಾರ ಗಮನಕ್ಕೂ ಬರುವುದಿಲ್ಲ. ಹಾಗಾಗಿ ಮೊದಲು ನಿಂತದ್ದು ಪಿಎಫ್. ನನ್ನ ಹತ್ತಿರ ಬಂದ ಇಂಥ ಎಲ್ಲ ಪ್ರಕರಣಗಳಲ್ಲೂ ಇದೇ ಕ್ರಮ ಕಂಡಿದ್ದೇನೆ.

2018ರ ಏಪ್ರಿಲ್‌ನಿಂದ ಜುಲೈವರೆಗೆ ಕೆಲಸಗಾರರ ಪಾಲು 12 ಶೇಕಡಾವನ್ನು ಸಂಬಳದಿಂದ ಹಿಡಿದರು, ಆದರೆ ಕಟ್ಟಲಿಲ್ಲ. ಆಗಸ್ಟ್‌ನಿಂದ ಹಿಡಿಯುವುದನ್ನೇ ಬಿಟ್ಟು ಪೂರ್ತಿ ಸಂಬಳ ಕೈಗೆ ಕೊಟ್ಟರು. ‘ಕಟ್ಟೋಕಾಗಲ್ಲ ಅಂದಮೇಲೆ ಹಿಡಿಯೋದು ತಪ್ಪು ಅನ್ನಿಸಿತು’ ಎಂದರು. ಈ ಒಂದು ನಿರ್ಧಾರ ನಾಲ್ಕು ವರ್ಷದ ನಂತರ ಪ್ರಕರಣದ ತೂಕವನ್ನೇ ಬದಲಿಸಿತು, ಅದಕ್ಕೆ ಮುಂದೆ ಬರುತ್ತೇನೆ.

2019ರ ಮಾರ್ಚ್ 31ಕ್ಕೆ ಶೆಡ್ಡಿಗೆ ಬೀಗ ಬಿತ್ತು. ಯಂತ್ರಗಳನ್ನು ಬೇರೆ ಬೇರೆಯವರಿಗೆ ಮಾರಿ ಬ್ಯಾಂಕಿನ ಸಾಲ ತೀರಿಸಿದರು. ಜಿಎಸ್‌ಟಿ ನೋಂದಣಿ ರದ್ದು ಮಾಡಿಸಿದರು. ಪಿಎಫ್ ಕಚೇರಿಗೆ ಮಾತ್ರ ಒಂದು ಕಾಗದವನ್ನೂ ಬರೆಯಲಿಲ್ಲ. ಆಗ ಅವರ ಲೆಕ್ಕ ನೋಡುತ್ತಿದ್ದವರು ‘ಬರೆದರೆ ಬಾಕಿ ನೆನಪಿಸಿದ ಹಾಗೆ, ಸುಮ್ಮನಿರಿ, ಮುಚ್ಚಿದ ಯೂನಿಟ್ಟನ್ನು ಯಾರು ಹುಡುಕುತ್ತಾರೆ’ ಎಂದು ಸಲಹೆ ಕೊಟ್ಟಿದ್ದರಂತೆ. ಈ ಪ್ರಕರಣದಲ್ಲಿ ಅತಿ ಹೆಚ್ಚು ಹಾನಿ ಮಾಡಿದ್ದು ಆ ಸಲಹೆ. ಅದನ್ನು ಕೊಟ್ಟವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಐದು ಲಕ್ಷ ಹದಿನಾರು ಲಕ್ಷವಾದ ಬಗೆ

ಮೊದಲ ದಿನ ಮಾಲೀಕರು ಮೂರು ಮಾತು ಹೇಳಿದರು. ಮೂರೂ ತಪ್ಪಾಗಿದ್ದವು. ಬಹಳ ಜನ ಇವನ್ನೇ ನಂಬಿಕೊಂಡಿರುವುದರಿಂದ ಬರೆಯುತ್ತೇನೆ.

‘ನನ್ನ ಹತ್ತಿರ ಹದಿನಾಲ್ಕೇ ಜನ ಇದ್ದದ್ದು, ಇಪ್ಪತ್ತಕ್ಕಿಂತ ಕಡಿಮೆಯಾದರೆ ಪಿಎಫ್ ಅನ್ವಯಿಸಲ್ಲ ಅಲ್ಲವಾ?’ ಅನ್ವಯಿಸುತ್ತದೆ. 1952ರ ಪಿಎಫ್ ಕಾಯ್ದೆಯ 1(5)ನೇ ಕಲಮಿನ ಪ್ರಕಾರ ಒಮ್ಮೆ ವ್ಯಾಪ್ತಿಗೆ ಬಂದ ಸಂಸ್ಥೆ ಆಮೇಲೆ ಸಂಖ್ಯೆ ಎಷ್ಟಕ್ಕಿಳಿದರೂ ವ್ಯಾಪ್ತಿಯಲ್ಲೇ ಇರುತ್ತದೆ.

‘ಮೂರು ವರ್ಷ ದಾಟಿದೆ, ಬಾಕಿ ಸತ್ತುಹೋಗುತ್ತದಲ್ಲ?’ ಆ ಕಾಯ್ದೆಯಲ್ಲಿ ಬಾಕಿ ನಿರ್ಧರಿಸಲು ಕಾಲಮಿತಿಯೇ ಇರಲಿಲ್ಲ. ಈಗ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆ ವಿಚಾರಣೆ ಆರಂಭಿಸಲು ಐದು ವರ್ಷದ ಮಿತಿ ಹಾಕಿದೆ. ಇವರ ಪ್ರಕರಣ ನಡೆದದ್ದು ಹಳೆಯ ಕಾಯ್ದೆಯಡಿ.

‘ಯೂನಿಟ್ಟೇ ಇಲ್ಲ, ಯಾರಿಂದ ವಸೂಲು ಮಾಡುತ್ತಾರೆ?’ ಇದು ಸ್ವಂತ ಮಾಲೀಕತ್ವದ ಯೂನಿಟ್ಟು. ಪ್ರೈವೇಟ್ ಲಿಮಿಟೆಡ್ ಕಂಪನಿಯಂತೆ ಅದಕ್ಕೆ ಬೇರೆ ಅಸ್ತಿತ್ವವಿಲ್ಲ. ವರ್ಕ್‌ಶಾಪಿನ ಪ್ಯಾನ್ ನಂಬರೂ ಇವರ ಪ್ಯಾನ್ ನಂಬರೂ ಒಂದೇ. ಬಾಕಿ ಇವರ ಹೆಗಲ ಮೇಲೆಯೇ ಇತ್ತು, ಇವರ ಸಂಬಳದ ಖಾತೆಯೂ ಅದೇ ಪ್ಯಾನ್‌ಗೆ ಜೋಡಣೆಯಾಗಿತ್ತು.

ಪಿಎಫ್ ಕಚೇರಿಗೆ ಹೋಗಿ ಆದೇಶದ ಪ್ರತಿ ತೆಗೆದುಕೊಂಡೆವು. 2022ರ ಮಾರ್ಚ್‌ನಲ್ಲಿ, ಬಾಕಿ ನಿರ್ಧರಿಸುವ 7ಎ ಕಲಮಿನಡಿ ವಿಚಾರಣೆಯ ನೋಟಿಸು ಹಳೆಯ ಶೆಡ್ಡಿನ ವಿಳಾಸಕ್ಕೆ ಹೋಗಿ ‘ಬಿಟ್ಟುಹೋಗಿದ್ದಾರೆ’ ಎಂಬ ಷರಾದೊಂದಿಗೆ ವಾಪಸಾಗಿತ್ತು. ಯಾರೂ ಹಾಜರಾಗದೆ ಆಗಸ್ಟ್‌ನಲ್ಲಿ ಏಕಪಕ್ಷೀಯ ಆದೇಶವಾಗಿತ್ತು. ಅಧಿಕಾರಿಯ ಮುಂದಿದ್ದದ್ದು 2018ರ ಮಾರ್ಚ್‌ನ ಕೊನೆಯ ರಿಟರ್ನ್ (ತಿಂಗಳ ವಂತಿಗೆಯ ವಿವರ) ಮಾತ್ರ: ಇಪ್ಪತ್ತೊಂದು ಜನ, 2,62,500 ರೂಪಾಯಿ ಸಂಬಳ. ಮುಚ್ಚಿದ ಸುದ್ದಿ ದಾಖಲೆಯಲ್ಲಿಲ್ಲ. ಹಾಗಾಗಿ ಅದೇ ಸಂಬಳವನ್ನು 2020ರ ಮಾರ್ಚ್‌ವರೆಗೆ ಇಪ್ಪತ್ನಾಲ್ಕು ತಿಂಗಳಿಗೆ ಎಳೆದು ಲೆಕ್ಕ ಹಾಕಿದ್ದರು. ಇಲ್ಲದ ಏಳು ಜನರಿಗೆ, ಇಲ್ಲದ ಒಂದು ವರ್ಷಕ್ಕೆ ಸೇರಿಸಿ ಹದಿನಾರು ಲಕ್ಷದ ಹತ್ತಿರ ಬಂದಿತ್ತು. ಅಧಿಕಾರಿಯನ್ನು ದೂರುವಂತಿಲ್ಲ, ಕಾಗದವೇ ಇಲ್ಲದಿದ್ದಾಗ ಇದ್ದ ಕಾಗದದಿಂದ ಲೆಕ್ಕ ಮಾಡಿದ್ದಾರೆ.

ನಿಜವಾದ ಬಾಕಿ ಎಷ್ಟು? 1,68,000ಕ್ಕೆ ಕೆಲಸಗಾರರ ಪಾಲು 12 ಶೇಕಡಾ, ಮಾಲೀಕರ ಪಾಲು 12 ಶೇಕಡಾ, ವಿಮೆಗೆ ಅರ್ಧ ಶೇಕಡಾ, ಆಡಳಿತ ಶುಲ್ಕ 2018ರ ಮೇವರೆಗೆ 0.65, ಜೂನ್‌ನಿಂದ 0.50 ಶೇಕಡಾ. ಮೊದಲ ಎರಡು ತಿಂಗಳಿಗೆ 42,252ರಂತೆ, ಮುಂದಿನ ಹತ್ತು ತಿಂಗಳಿಗೆ 42,000ದಂತೆ. ಒಟ್ಟು 5,04,504 ರೂಪಾಯಿ.

ಮೇಲ್ಮನವಿಗೆ ಹೋಗಲಿಲ್ಲ, ಏಕೆಂದರೆ

ಮಾಲೀಕರ ಪರಿಚಯದ ವಕೀಲರು ನೇರವಾಗಿ ನ್ಯಾಯಮಂಡಳಿಗೆ ಮೇಲ್ಮನವಿ ಹಾಕೋಣ ಎಂದಿದ್ದರು. ದಾರಿ ಇತ್ತು, ಆದೇಶದ ದಿನದಿಂದ ಅರವತ್ತು ದಿನ, ನ್ಯಾಯಮಂಡಳಿ ಒಪ್ಪಿದರೆ ಇನ್ನೂ ಅರವತ್ತು ದಿನ. ಆದರೆ 7ಎ ಆದೇಶದ ವಿರುದ್ಧ ಮೇಲ್ಮನವಿಗೆ 7ಒ ಕಲಮಿನಡಿ ನಿರ್ಧಾರವಾದ ಮೊತ್ತದ 75 ಶೇಕಡಾ ಮೊದಲೇ ಠೇವಣಿ ಇಡಬೇಕಿತ್ತು. ಅಂದರೆ 11,81,841 ರೂಪಾಯಿ. ನ್ಯಾಯಮಂಡಳಿ ಕಾರಣ ದಾಖಲಿಸಿ ಅದನ್ನು ಕಡಿಮೆ ಮಾಡಬಹುದಿತ್ತು, ಮನ್ನಾ ಮಾಡಲೂಬಹುದಿತ್ತು, ಆದರೆ ಅದನ್ನೇ ನಂಬಿ ಹೋಗುವಂತಿರಲಿಲ್ಲ.

ನಾವು ಹಿಡಿದದ್ದು 7ಎ(4). ಏಕಪಕ್ಷೀಯ ಆದೇಶವಾದರೆ, ಅದು ತಲುಪಿದ ಮೂರು ತಿಂಗಳೊಳಗೆ ಅದೇ ಅಧಿಕಾರಿಗೆ ಅರ್ಜಿ ಹಾಕಬಹುದು. ನೋಟಿಸು ಸರಿಯಾಗಿ ಜಾರಿಯಾಗಿರಲಿಲ್ಲ ಅಥವಾ ಹಾಜರಾಗದಿರಲು ತಕ್ಕ ಕಾರಣವಿತ್ತು ಎಂದು ತೋರಿಸಿದರೆ ಆದೇಶ ರದ್ದಾಗಿ ವಿಚಾರಣೆ ಹೊಸದಾಗಿ ನಡೆಯುತ್ತದೆ. ಠೇವಣಿ ಬೇಕಿಲ್ಲ. ವಾಪಸಾದ ಲಕೋಟೆಯೇ ನಮ್ಮ ಮೊದಲ ಸಾಕ್ಷಿ.

ಅರ್ಜಿ ಹಾಕುವ ಮೊದಲು ಮಾಲೀಕರಿಗೆ ಒಂದು ಷರತ್ತು ಹೇಳಿದೆ. ಸಂಬಳದಿಂದ ಹಿಡಿದು ಕಟ್ಟದ ನಾಲ್ಕು ತಿಂಗಳ ಹಣ, ತಿಂಗಳಿಗೆ 20,160ರಂತೆ 80,640 ರೂಪಾಯಿ, ಅರ್ಜಿಯ ಜೊತೆಗೇ ಕಟ್ಟಬೇಕು. ಅದು ಅವರ ಸಾಲವಲ್ಲ, ಅವರ ಕೈಯಲ್ಲಿ ಉಳಿದಿದ್ದ ಬೇರೆಯವರ ಹಣ. ಕಾನೂನೂ ಹಾಗೆಯೇ ನೋಡುತ್ತದೆ. ಭಾರತೀಯ ದಂಡ ಸಂಹಿತೆಯ 405ನೇ ಕಲಮಿನ ವಿವರಣೆಯಲ್ಲಿ ಕೆಲಸಗಾರರಿಂದ ಹಿಡಿದ ಪಿಎಫ್ ವಂತಿಗೆಯನ್ನು ಕಟ್ಟದಿದ್ದರೆ ಅದು ನಂಬಿಕೆ ದ್ರೋಹ ಎಂದು ಹೆಸರಿಟ್ಟೇ ಹೇಳಲಾಗಿತ್ತು. ಪಿಎಫ್ ಕಾಯ್ದೆಯಲ್ಲೂ ಹಿಡಿದು ಕಟ್ಟದಿದ್ದಕ್ಕೆ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ ಸೆರೆವಾಸ. ಪೊಲೀಸ್ ದೂರು ಹೋಗಿರಲಿಲ್ಲ, ಆದರೆ ಹೋಗಬಹುದಿತ್ತು. ಆಗಸ್ಟ್‌ನಿಂದ ಹಿಡಿಯುವುದನ್ನು ನಿಲ್ಲಿಸಿದ್ದರಿಂದ ಈ ಭಾರ ನಾಲ್ಕು ತಿಂಗಳಿಗೆ ನಿಂತಿತು, ಇಲ್ಲದಿದ್ದರೆ ಹನ್ನೆರಡು ತಿಂಗಳಿಗೆ ಹಬ್ಬುತ್ತಿತ್ತು. ಹಾಗೆಂದು ಹಿಡಿಯದ ತಿಂಗಳುಗಳ ಪಾಲು ಮನ್ನಾ ಆಗುವುದಿಲ್ಲ. ಆ ತಿಂಗಳು ಹಿಡಿಯದೇ ಬಿಟ್ಟದ್ದನ್ನು ಆಮೇಲೆ ಕೆಲಸಗಾರರಿಂದ ಕೇಳುವಂತಿಲ್ಲ, ಎರಡೂ ಪಾಲು ಮಾಲೀಕರೇ ತುಂಬಬೇಕು.

ತಮ್ಮನಿಂದ ಸಾಲ ಪಡೆದು 2022ರ ನವೆಂಬರ್ 15ರಂದು 80,640 ಕಟ್ಟಿದರು. ಅದೇ ದಿನ ಅರ್ಜಿ ಸಲ್ಲಿಸಿದೆವು. ಡಿಸೆಂಬರ್‌ನಲ್ಲಿ ಆದೇಶ ರದ್ದಾಯಿತು, ಬ್ಯಾಂಕ್ ಖಾತೆ ಬಿಡುಗಡೆಯಾಯಿತು, ವಿಚಾರಣೆಗೆ ಹೊಸ ದಿನಾಂಕ ಬಂತು.

ಅಟ್ಟದ ಮೇಲಿನ ಗೋಣಿಚೀಲ

ವಿಚಾರಣೆಯಲ್ಲಿ ಎರಡು ವಿಷಯ ಸಾಬೀತಾಗಬೇಕಿತ್ತು: ಯಾವಾಗ ಮುಚ್ಚಿತು, ಎಷ್ಟು ಜನ ಇದ್ದರು.

ಮುಚ್ಚಿದ್ದನ್ನು ತೋರಿಸುವುದು ಕಷ್ಟವಾಗಲಿಲ್ಲ. ಬೆಸ್ಕಾಂ ಸಂಪರ್ಕ ಕಡಿತದ ಕೊನೆಯ ಬಿಲ್ಲು, ಜಿಎಸ್‌ಟಿ ರದ್ದತಿ ಆದೇಶ, ಶೆಡ್ಡಿನ ಮುಂಗಡ ಹಣ ಚೆಕ್ಕಿನಲ್ಲಿ ವಾಪಸು ಬಂದದ್ದು ಕಾಣುವ ಬ್ಯಾಂಕ್ ವಿವರ. ಮೂರೂ 2019ರ ಮಾರ್ಚ್–ಏಪ್ರಿಲ್‌ಗೇ ಬಂದು ನಿಂತವು. ಬೇರೆ ಬೇರೆ ಕಚೇರಿಗಳ ಕಾಗದಗಳು ಒಂದೇ ದಿನಾಂಕದತ್ತ ಬೆರಳು ತೋರಿಸಿದಾಗ ಅಧಿಕಾರಿ ಹೆಚ್ಚು ಪ್ರಶ್ನೆ ಕೇಳಲಿಲ್ಲ. ಹನ್ನೆರಡು ತಿಂಗಳು ಲೆಕ್ಕದಿಂದ ಬಿದ್ದುಹೋದವು.

ಸಂಖ್ಯೆಯ ವಿಷಯ ಹಾಗಿರಲಿಲ್ಲ. ಬಿಟ್ಟುಹೋದ ಏಳು ಜನರಿಗೆ ಪಿಎಫ್ ಪೋರ್ಟಲ್‌ನಲ್ಲಿ ನಿರ್ಗಮನ ದಿನಾಂಕ ಹಾಕಿರಲಿಲ್ಲ. ದಾಖಲೆಯ ಪ್ರಕಾರ ಅವರು ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದರು. ಮಾಲೀಕರ ಮನೆಯ ಅಟ್ಟದ ಮೇಲೆ ಗೋಣಿಚೀಲವೊಂದರಲ್ಲಿ ಹಾಜರಿ ಪುಸ್ತಕ ಸಿಕ್ಕಿತು. ಎಣ್ಣೆ ಕಲೆಗಳಿದ್ದ, ಅಂಚು ಇಲಿ ಕಡಿದ ಪುಸ್ತಕ. ಏಪ್ರಿಲ್ 2018ರ ಪುಟದಲ್ಲಿ ಹದಿನಾಲ್ಕು ಹೆಸರು. ಆದರೆ ಮಾಲೀಕರೇ ಬರೆದ ಪುಸ್ತಕವನ್ನು ಅಧಿಕಾರಿ ಹಾಗೇ ಒಪ್ಪಬೇಕೆಂದೇನಿಲ್ಲ. ಬ್ಯಾಂಕ್ ವಿವರದಲ್ಲಿ ಹನ್ನೊಂದು ಜನರ ಸಂಬಳ ವರ್ಗಾವಣೆ ಕಾಣುತ್ತಿತ್ತು, ಮೂವರಿಗೆ ನಗದು ಕೊಟ್ಟಿದ್ದರು.

ಗಂಟು ಬಿಚ್ಚಿದ್ದು ಇಲಾಖೆಯ ದಾಖಲೆಯೇ. ಒಬ್ಬ ಕೆಲಸಗಾರನಿಗೆ ಒಂದೇ ಯುಎಎನ್ (ಪಿಎಫ್ ಸದಸ್ಯ ಸಂಖ್ಯೆ), ಎಲ್ಲಿ ಹೋದರೂ ಅದೇ ಸಂಖ್ಯೆ ಹಿಂಬಾಲಿಸುತ್ತದೆ. ಏಳು ಜನರ ಯುಎಎನ್ ಪಟ್ಟಿ ಕೊಟ್ಟು, ಅವರ ಸೇವಾ ಇತಿಹಾಸ ನೋಡಿ ಎಂದು ಲಿಖಿತವಾಗಿ ಕೋರಿದೆವು. ನಾಲ್ವರು 2018ರ ಏಪ್ರಿಲ್, ಮೇ ತಿಂಗಳಿನಿಂದಲೇ ಬೇರೆ ಕಾರ್ಖಾನೆಗಳಲ್ಲಿ ಪಿಎಫ್ ಸದಸ್ಯರಾಗಿದ್ದರು. ಉಳಿದ ಮೂವರನ್ನು ಹುಡುಕಿ ಪ್ರಮಾಣಪತ್ರ (ಅಫಿಡವಿಟ್) ತಂದೆವು. ಆ ಮೂವರೂ ಮಾಲೀಕರ ಪರವಾಗಿ ಬಂದು ಸಹಿ ಹಾಕಿದರು ಎನ್ನುವುದನ್ನು ಬರೆಯದೇ ಇರಲಾರೆ. ಕೊನೆಯ ತಿಂಗಳ ಸಂಬಳವನ್ನೂ ಬಾಕಿ ಇಡದೆ ಕಳಿಸಿದ್ದಕ್ಕೆ ಬಂದೆವು ಎಂದು ಅವರಲ್ಲೊಬ್ಬರು ಹೇಳಿದರು.

ಬಾಕಿ ಎನ್ನುವುದು ಗುರುತಿಸಬಹುದಾದ ಕೆಲಸಗಾರರಿಗೆ ಸೇರಬೇಕಾದದ್ದು ಎಂಬ ಮಾತಿಗೆ ಹಿಮಾಚಲ ಪ್ರದೇಶ ರಾಜ್ಯ ಅರಣ್ಯ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಕೊಟ್ಟ ತೀರ್ಪನ್ನೂ ಲಿಖಿತ ವಾದದಲ್ಲಿ ಸೇರಿಸಿದೆವು. 2023ರ ಜುಲೈನಲ್ಲಿ ಹೊಸ ಆದೇಶ ಬಂತು: 5,04,504 ರೂಪಾಯಿ, ಅದರಲ್ಲಿ 80,640 ಈಗಾಗಲೇ ಸಂದಾಯ. ಉಳಿದ 4,23,864ನ್ನು ಹೆಂಡತಿಯ ಒಡವೆ ಅಡವಿಟ್ಟು ಸೆಪ್ಟೆಂಬರ್ 15ರಂದು ಕಟ್ಟಿದರು.

ಹಣ ಬಂತು, ಹೆಸರಿಗೆ ಬೀಳಲಿಲ್ಲ

ಬಹುತೇಕ ಪ್ರಕರಣಗಳು ಇಲ್ಲಿಗೆ ಮುಗಿಯುತ್ತವೆ. ಮಾಲೀಕರು ಹಣ ಕಟ್ಟಿದೆವು ಎಂದು ನಿಟ್ಟುಸಿರು ಬಿಡುತ್ತಾರೆ, ಕಡತ ದಂಡದ ಕಡೆಗೆ ಹೋಗುತ್ತದೆ, ಕೆಲಸಗಾರನ ಪಾಸ್‌ಬುಕ್ಕಿನಲ್ಲಿ ಮಾತ್ರ ಆ ತಿಂಗಳುಗಳು ಖಾಲಿಯಾಗಿಯೇ ಉಳಿಯುತ್ತವೆ. ಆದೇಶದ ಪ್ರಕಾರ ಒಟ್ಟಾಗಿ ಕಟ್ಟಿದ ಹಣ ಸಂಸ್ಥೆಯ ಲೆಕ್ಕಕ್ಕೆ ಬರುತ್ತದೆ. ತಿಂಗಳುವಾರು, ಹೆಸರುವಾರು ರಿಟರ್ನ್ ಸಲ್ಲಿಸಿ ಆ ಹಣಕ್ಕೆ ಜೋಡಿಸಿದಾಗಲೇ ಅದು ಒಬ್ಬೊಬ್ಬರ ಖಾತೆಗೆ ಇಳಿಯುತ್ತದೆ. ಈ ಪ್ರಕರಣವನ್ನು ಬರೆಯಲು ನನಗಿರುವ ಮುಖ್ಯ ಕಾರಣ ಇದೇ.

ಹದಿನಾಲ್ಕು ಜನರಲ್ಲಿ ಒಬ್ಬರು ಲೇತಿನ ಹಿರಿಯ ಕೆಲಸಗಾರರು. 2021ರಲ್ಲಿ ಅವರಿಗೆ 58 ತುಂಬಿತ್ತು. ಪಿಂಚಣಿ ಅರ್ಜಿ ಹಾಕಿದ್ದರು, ತಿರಸ್ಕೃತವಾಗಿತ್ತು. ಹಿಂದಿನ ಕಾರ್ಖಾನೆಯ ವರ್ಷಗಳನ್ನೂ ಸೇರಿಸಿ ಅವರ ಸೇವೆ ದಾಖಲೆಯಲ್ಲಿ 9 ವರ್ಷ 1 ತಿಂಗಳು ಇತ್ತು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಹತ್ತು ವರ್ಷ ಬೇಕು. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ತುಣುಕನ್ನು ಒಂದು ವರ್ಷವೆಂದು ಎಣಿಸುತ್ತಾರೆ, ಆದ್ದರಿಂದ ಒಂಬತ್ತೂವರೆ ಇದ್ದಿದ್ದರೂ ಸಾಕಾಗುತ್ತಿತ್ತು. ಇವರಿಗೆ ಐದು ತಿಂಗಳು ಕಡಿಮೆ. ನಮ್ಮ ಮಾಲೀಕರು ಕಟ್ಟದೆ ಬಿಟ್ಟದ್ದು ಹನ್ನೆರಡು ತಿಂಗಳು.

ಮಾಲೀಕರಿಗೆ ಇದು ಗೊತ್ತೇ ಇರಲಿಲ್ಲ. ನಾನು ಪಟ್ಟಿ ಮಾಡುವಾಗ ಪ್ರತಿಯೊಬ್ಬರಿಗೂ ಫೋನ್ ಮಾಡುತ್ತಿದ್ದೆ, ಆಗ ಆ ಹಿರಿಯರು ಹೇಳಿದರು. ಅವರ ದನಿಯಲ್ಲಿ ದೂರಿನ ಧಾಟಿ ಇರಲಿಲ್ಲ. ‘ನಂಗೆ ಹತ್ತು ವರ್ಷ ಆಗಿಲ್ವಂತೆ ಸಾರ್, ಒಟ್ಟಿಗೆ ದುಡ್ಡು ತಗೊಂಡ್ಬಿಡಿ ಅಂದ್ರು, ನಾನು ತಗೊಂಡಿಲ್ಲ’ ಎಂದರಷ್ಟೇ. ಆ ಹಣವನ್ನು ಹಿಂತೆಗೆದುಕೊಂಡಿದ್ದರೆ ಸೇವೆಯ ಲೆಕ್ಕ ಅಲ್ಲಿಗೆ ಮುಗಿದುಹೋಗುತ್ತಿತ್ತು. ಅವರು ತೆಗೆದುಕೊಳ್ಳದೇ ಇದ್ದದ್ದು ಎಂಥ ಅದೃಷ್ಟ ಎಂದು ಈಗಲೂ ಅನ್ನಿಸುತ್ತದೆ. ಇದನ್ನು ಹೇಳಿದ ದಿನ ಮಾಲೀಕರು ಬಹಳ ಹೊತ್ತು ಮಾತಾಡಲಿಲ್ಲ. ಅಲ್ಲಿಯವರೆಗೆ ಅವರು ಬಾಕಿಯನ್ನು ಸರ್ಕಾರದ ಸಾಲ ಎಂದೇ ಅಂದುಕೊಂಡಿದ್ದರು.

ರಿಟರ್ನ್ ಸಲ್ಲಿಸಲು ಮುಚ್ಚಿದ ಯೂನಿಟ್ಟಿನ ಲಾಗಿನ್ ಬೇಕು, ಡಿಜಿಟಲ್ ಸಹಿ ಬೇಕು. ಸಹಿಯ ಅವಧಿ ಎಂದೋ ಮುಗಿದಿತ್ತು. ಹೊಸದು ಮಾಡಿಸಿ, ಅದನ್ನು ಕಚೇರಿಯಲ್ಲಿ ಅನುಮೋದಿಸಿಕೊಳ್ಳಲು ಮೂರು ವಾರ ಹಿಡಿಯಿತು. ಆಮೇಲೆ ಆಧಾರ್. 2021ರಿಂದ ಈಚೆಗೆ ಆಧಾರ್ ಪರಿಶೀಲನೆಯಾದ ಯುಎಎನ್ ಇದ್ದವರಿಗೆ ಮಾತ್ರ ರಿಟರ್ನ್ ಸ್ವೀಕಾರವಾಗುತ್ತದೆ, ಹಳೆಯ ತಿಂಗಳುಗಳ ರಿಟರ್ನ್‌ಗೂ ಅದೇ ನಿಯಮ. ಹದಿನಾಲ್ಕರಲ್ಲಿ ಮೂವರ ಹೆಸರು ಹೊಂದಲಿಲ್ಲ. ನಮ್ಮ ಕಡೆ ಇದು ಮಾಮೂಲು: ಪಿಎಫ್‌ನಲ್ಲಿ ಊರಿನ ಹೆಸರಿನ ಮೊದಲಕ್ಷರ ಮುಂದೆ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಹಿಂದೆ. ಒಬ್ಬರದ್ದು ಮಾಲೀಕರ ಲಾಗಿನ್‌ನಿಂದಲೇ ತಿದ್ದುಪಡಿಯಾಯಿತು. ಇನ್ನೊಬ್ಬರು ರಾಯಚೂರಿನ ಕಡೆ ಊರಿಗೆ ಹೋಗಿಬಿಟ್ಟಿದ್ದರು, ಹಳೆಯ ಜೊತೆಗಾರರೊಬ್ಬರ ಮೂಲಕ ಸಂಪರ್ಕವಾಗಿ ದಾಖಲೆ ಕಳಿಸಿದರು.

2023ರ ಡಿಸೆಂಬರ್ ಕೊನೆಗೆ ಹದಿಮೂರು ಜನರ ಹನ್ನೆರಡು ತಿಂಗಳುಗಳು ಅವರವರ ಖಾತೆಗೆ ಬಂದವು. ಹಿರಿಯರ ಸೇವೆ 10 ವರ್ಷ 1 ತಿಂಗಳಾಯಿತು. ಹೊಸ ಪಿಂಚಣಿ ಅರ್ಜಿ ಹಾಕಿಸಿದೆವು.

ಬಡ್ಡಿ ಮತ್ತು ದಂಡ

2024ರ ಆರಂಭದಲ್ಲಿ ನಿರೀಕ್ಷಿಸಿದ್ದ ನೋಟಿಸು ಬಂತು. ಹಳೆಯ ಕಾಯ್ದೆಯಡಿ ತಡವಾದ ಪಿಎಫ್‌ಗೆ ಎರಡು ಹೆಚ್ಚುವರಿ ಹೊರೆಗಳಿದ್ದವು. 7ಕ್ಯೂ ಕಲಮಿನಡಿ ವರ್ಷಕ್ಕೆ 12 ಶೇಕಡಾ ಸರಳ ಬಡ್ಡಿ. 14ಬಿ ಕಲಮಿನಡಿ ಡ್ಯಾಮೇಜಸ್, ಅಂದರೆ ದಂಡ. ಆ ಕಾಲದ ಬಾಕಿಗೆ ಎರಡು ತಿಂಗಳೊಳಗಿನ ತಡಕ್ಕೆ ವರ್ಷಕ್ಕೆ 5 ಶೇಕಡಾ, ನಾಲ್ಕು ತಿಂಗಳೊಳಗೆ 10, ಆರು ತಿಂಗಳೊಳಗೆ 15, ಅದಕ್ಕೂ ಮೀರಿದರೆ 25. ದಂಡ ಬಾಕಿಯ ಮೊತ್ತವನ್ನು ಮೀರುವಂತಿಲ್ಲ.

ಒಂದೇ ತಿಂಗಳು ತೆಗೆದುಕೊಂಡು ನೋಡಿ. 2018ರ ಆಗಸ್ಟ್‌ನ ವಂತಿಗೆ 42,000, ಕಟ್ಟಬೇಕಾದ ಕೊನೆಯ ದಿನ ಸೆಪ್ಟೆಂಬರ್ 15, 2018. ಕಟ್ಟಿದ್ದು ಸೆಪ್ಟೆಂಬರ್ 15, 2023. ಸರಿಯಾಗಿ ಅರವತ್ತು ತಿಂಗಳು. ಬಡ್ಡಿ 25,200. ದಂಡ 125 ಶೇಕಡಾಕ್ಕೆ ಹೋಗುತ್ತಿತ್ತು, ಮಿತಿಯಿಂದಾಗಿ 42,000ಕ್ಕೆ ನಿಂತಿತು. ನಲವತ್ತೆರಡು ಸಾವಿರ ಒಂದು ಲಕ್ಷದ ಒಂಬತ್ತು ಸಾವಿರದ ಇನ್ನೂರಾಯಿತು.

ಎಲ್ಲ ತಿಂಗಳೂ ನಾಲ್ಕು ವರ್ಷಕ್ಕಿಂತ ಹೆಚ್ಚು ತಡವಾಗಿದ್ದರಿಂದ ದಂಡ ಬಾಕಿಗೆ ಸಮನಾಗಿ 5,04,504. ಬಡ್ಡಿ 2,87,096. 2019ರಲ್ಲಿ ಯಂತ್ರ ಮಾರಿದ ಕೂಡಲೇ ಬಾಕಿ ಕಟ್ಟಿದ್ದರೆ ಇದರ ಸಣ್ಣ ಪಾಲಿನಲ್ಲಿ ಮುಗಿಯುತ್ತಿತ್ತು. ‘ಸುಮ್ಮನಿರಿ’ ಎಂಬ ಸಲಹೆಯ ಬೆಲೆ ಇದು.

ನಷ್ಟದಿಂದ ಮುಚ್ಚಿದವರು, ಬೇಕೆಂದು ತಪ್ಪಿಸಿದವರಲ್ಲ ಎಂದು ವಾದಿಸಿದೆವು. ಆದರೆ ಈ ವಾದಕ್ಕೆ ಈಗ ಬಲ ಕಡಿಮೆ. ಕೊಡಗಿನ ಗೋಣಿಕೊಪ್ಪಲಿನ ತೋಟಗಾರಿಕಾ ಪ್ರಯೋಗ ಕೇಂದ್ರದ ಪ್ರಕರಣದಲ್ಲಿ 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, 14ಬಿ ದಂಡ ವಿಧಿಸಲು ದುರುದ್ದೇಶವಿತ್ತೆಂದು ತೋರಿಸಬೇಕಾಗಿಲ್ಲ ಎಂದಿದೆ. 2024ರ ಜೂನ್ 14ರಿಂದ ದಂಡದ ದರ ತಿಂಗಳಿಗೆ 1 ಶೇಕಡಾಕ್ಕೆ ಇಳಿದರೂ ಇವರದ್ದು ಹಳೆಯ ಬಾಕಿ, ಹಳೆಯ ದರ. ಪೂರ್ತಿ ದಂಡದ ಆದೇಶವೇ ಆಯಿತು.

ಇಲ್ಲಿ ಮೇಲ್ಮನವಿ ಹಾಕಿದೆವು. 75 ಶೇಕಡಾ ಠೇವಣಿಯ ನಿಯಮ 7ಎ ಆದೇಶಕ್ಕೆ ಸಂಬಂಧಿಸಿದ್ದು, 14ಬಿಗೆ ಅಲ್ಲ. ನ್ಯಾಯಮಂಡಳಿ 30 ಶೇಕಡಾ, ಅಂದರೆ 1,51,351 ರೂಪಾಯಿ ಕಟ್ಟುವ ಷರತ್ತಿನ ಮೇಲೆ ತಡೆಯಾಜ್ಞೆ ಕೊಟ್ಟಿತು. ಬಡ್ಡಿಯ ಆದೇಶ ಪ್ರತ್ಯೇಕವಾಗಿದ್ದರಿಂದ ಅದರ ಮೇಲೆ ಮೇಲ್ಮನವಿ ಇಲ್ಲ. ವಸೂಲಾತಿ ಪ್ರಮಾಣಪತ್ರ ಹೊರಟ ಮೇಲೂ 8ಇ ಕಲಮಿನಡಿ ಅಧಿಕಾರಿ ಕಾಲಾವಕಾಶ ಕೊಡಬಹುದು, ಕೊಟ್ಟ ಅವಧಿಯಲ್ಲಿ ವಸೂಲಾತಿ ನಿಲ್ಲಬೇಕು. ಈಗಿನ ಸಂಬಳದ ಚೀಟಿ, ಒಡವೆ ಸಾಲದ ರಸೀತಿ, ಮಗಳ ಕಾಲೇಜು ಶುಲ್ಕ ಎಲ್ಲವನ್ನೂ ಲಗತ್ತಿಸಿ ಬರೆದೆವು. ಹನ್ನೆರಡು ಕಂತು ಸಿಕ್ಕಿತು, ಒಂದೂ ತಪ್ಪದೆ ಕಟ್ಟಿದ್ದಾರೆ. ದಂಡದ ಮೇಲ್ಮನವಿ ನಾನಿದನ್ನು ಬರೆಯುವಾಗಲೂ ಇತ್ಯರ್ಥವಾಗಿಲ್ಲ.

ಇಎಸ್‌ಐ ಬಾಕಿಯೂ ಇತ್ತು. ಆಗಿನ 6.5 ಶೇಕಡಾ ದರದಲ್ಲಿ ಹನ್ನೆರಡು ತಿಂಗಳಿಗೆ 1,31,040. ಅಲ್ಲಿ 45ಎ ಕಲಮಿನಡಿ ಐದು ವರ್ಷದ ಮಿತಿ ಇತ್ತು, ಆದರೆ ಅದು ಮುಗಿಯಲಿ ಎಂದು ಕಾಯುವ ಆಟ ಬೇಡ ಎಂದು ಮಾಲೀಕರೇ ಹೇಳಿದರು. ನೋಟಿಸು ಬರುವ ಮೊದಲೇ ತಾವಾಗಿ ಬಡ್ಡಿ ಸಮೇತ ಕಟ್ಟಿದರು.

ಉಳಿದಿರುವುದು

ಹಿರಿಯರಿಗೆ 2024ರ ಏಪ್ರಿಲ್‌ನಲ್ಲಿ ಪಿಂಚಣಿ ಮಂಜೂರಾಯಿತು, 58 ತುಂಬಿದ ದಿನದಿಂದ ಲೆಕ್ಕ ಹಾಕಿ ಹಿಂದಿನ ತಿಂಗಳುಗಳದ್ದೂ ಸೇರಿ ಬಂತು. ತಿಂಗಳಿಗೆ ಸಾವಿರದ ಇನ್ನೂರರ ಆಸುಪಾಸು. ದೊಡ್ಡ ಮೊತ್ತವಲ್ಲ. ಅವರ ಸಕ್ಕರೆ ಕಾಯಿಲೆಯ ಮಾತ್ರೆಗೆ ಆಗುತ್ತದೆ, ಅವರ ನಂತರ ಹೆಂಡತಿಗೆ ವಿಧವಾ ಪಿಂಚಣಿ ಬರುತ್ತದೆ. ಬ್ಯಾಂಕಿನ ಸಂದೇಶ ಬಂದ ದಿನ ಅವರು ಫೋನ್ ಮಾಡಿದ್ದು ನನಗಲ್ಲ, ಹಳೆಯ ಮಾಲೀಕರಿಗೆ.

ಹದಿನಾಲ್ಕನೆಯವರು ಒಡಿಶಾದ ಹುಡುಗ. ಆಧಾರ್ ಹೆಸರು ಹೊಂದದ ಮೂವರಲ್ಲಿ ಉಳಿದ ಒಬ್ಬ. ಕೊಟ್ಟಿದ್ದ ಫೋನ್ ನಂಬರ್ ಈಗ ಬೇರೆಯವರ ಕೈಯಲ್ಲಿದೆ. ಅವನಿಗೆ ಸೇರಬೇಕಾದ 31,680 ರೂಪಾಯಿ ಚಲನ್ ಮೂಲಕ ಜಮೆಯಾಗಿದೆ, ಹೆಸರಿಗೆ ಬಿದ್ದಿಲ್ಲ. ಪೀಣ್ಯದಲ್ಲಿ ಅವನ ಜೊತೆ ಕೋಣೆಯಲ್ಲಿದ್ದ ಇಬ್ಬರ ನಂಬರ್ ಮಾಲೀಕರ ಹತ್ತಿರ ಇದೆ. ಅವರಿಗೆ ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳುತ್ತಲೇ ಇದ್ದಾರೆ.